ಫಲತ್ಯಾಗದ ಅರ್ಥವಿಚಾರ

ಶ್ರೀಕೃಷ್ಣನು ಅರ್ಜುನನಿಗೆ ಉಪದೇಶಿಸಿದ ಕರ್ಮಫಲತ್ಯಾಗದಷ್ಟು ಜನರ ಬಾಯಲ್ಲಿ ನೆಲೆಸಿದ ತತ್ತ್ವವು ಇನ್ನೊಂದಿಲ್ಲ. ಅದರಷ್ಟು ತಪ್ಪಾಗಿ ಗ್ರಹಿಸಲ್ಪಟ್ಟ ತತ್ತ್ವವೂ ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಕೆಲಸವನ್ನು ಕೆಡಿಸಿಕೊಂಡವನು ಅದನ್ನು ನೆನೆದು ಸಮಾಧಾನಪಟ್ಟುಕೊಳ್ಳುತ್ತಾನೆ. ಕೂಲಿ ಕೊಡಲೊಲ್ಲದವನು ಅದನ್ನು ಹೇಳಿ ದುಡಿದವನ ಬಾಯಿ ಮುಚ್ಚಿಸುತ್ತಾನೆ. ಒಂದೇ ಮಾತು ಸೋಮಾರಿಗೆ ಹೊದಿಕೆಯೂ ಲೋಭಿಗೆ ಆಯುಧವೂ ಆಗುತ್ತಿರುವಲ್ಲಿ, ದೋಷವು ಮಾತಿನಲ್ಲಿದೆಯೋ ಅರ್ಥಮಾಡಿದ ರೀತಿಯಲ್ಲಿದೆಯೋ ಎಂದು ವಿಚಾರಿಸುವುದು ವಿಮರ್ಶೆಯ ಕರ್ತವ್ಯವು.

ಮಳೆಯನ್ನೇ ನಂಬಿ ರಾಗಿ ಬಿತ್ತುವ ಮಾಗಡಿ ಸೀಮೆಯ ರೈತನನ್ನು ನೋಡಬಹುದು. ಫಲದ ಕಡೆಗೆ ಕಣ್ಣಿಲ್ಲದಿದ್ದರೆ ಅವನು ಬೀಜವನ್ನು ಆರಿಸುವುದೇಕೆ? ಕುಂಟೆ ಹೊಡೆದು ಕಳೆ ತೆಗೆಯುವುದೇಕೆ? ಫಲವನ್ನು ನೋಡದ ಬೇಸಾಯವು ಬೇಸಾಯವೇ ಅಲ್ಲ. ಆದರೆ ಮಳೆಯು ಅವನ ಕೈಯಲ್ಲಿಲ್ಲ. ಗೀತೆಯ ಹದಿನೆಂಟನೆಯ ಅಧ್ಯಾಯವು ಯಾವ ಕಾರ್ಯಕ್ಕಾದರೂ ಐದು ಕಾರಣಗಳನ್ನು ಎಣಿಸುತ್ತದೆ: ಅಧಿಷ್ಠಾನ, ಕರ್ತೃ, ಕರಣಗಳು, ನಾನಾ ಚೇಷ್ಟೆಗಳು, ದೈವ. ಕರ್ತೃವು ಐದರಲ್ಲಿ ಒಬ್ಬನು. ಐವರು ಕೂಡಿ ಮಾಡಿದುದನ್ನು ಒಬ್ಬನೇ ತನ್ನದೆಂದು ಹೇಳಿಕೊಳ್ಳುವುದು ನ್ಯಾಯವಲ್ಲವೆಂಬ ಸರಳವಾದ ಲೆಕ್ಕವೇ ಫಲತ್ಯಾಗದ ಬುಡದಲ್ಲಿದೆ. ಎರಡನೆಯ ಅಧ್ಯಾಯವು ಯೋಗವನ್ನು ಸಮತ್ವವೆಂದು ಕರೆದು, ಅನತಿದೂರದಲ್ಲಿಯೇ ಕರ್ಮದಲ್ಲಿನ ಕೌಶಲವೆಂದೂ ಕರೆಯುತ್ತದೆ. ಕೌಶಲವಿಲ್ಲದ ಸಮತ್ವವು ಜಡತ್ವವಾಗುವುದು; ಸಮತ್ವವಿಲ್ಲದ ಕೌಶಲವು ತಳಮಳವಾಗುವುದು. ಇವೆರಡನ್ನೂ ಒಟ್ಟಿಗೆ ಹಿಡಿಯದವನಿಗೆ ಗೀತೆಯ ಅಭಿಪ್ರಾಯವು ದೊರೆಯದು.

ವ್ಯಾಖ್ಯಾನಕಾರರಲ್ಲಿ ಒಬ್ಬೊಬ್ಬರು ಒಂದೊಂದು ಅಂಶಕ್ಕೆ ಒತ್ತು ಕೊಟ್ಟಿದ್ದಾರೆ. ಶಂಕರಾಚಾರ್ಯರಿಗೆ ನಿಷ್ಕಾಮಕರ್ಮವು ಚಿತ್ತಶುದ್ಧಿಯ ಸಾಧನವು, ಮೋಕ್ಷವು ಜ್ಞಾನದಿಂದಲೇ. ಬಾಲಗಂಗಾಧರ ಟಿಳಕರು ಮಂಡಾಲೆಯ ಸೆರೆಮನೆಯಲ್ಲಿ ಬರೆದು 1915ರಲ್ಲಿ ಪ್ರಕಟಿಸಿದ ಗೀತಾರಹಸ್ಯವು ಜ್ಞಾನಿಯೂ ಲೋಕಸಂಗ್ರಹಕ್ಕಾಗಿ ಕರ್ಮವನ್ನು ಬಿಡಬಾರದೆಂದು ವಾದಿಸಿತು; ಅದನ್ನು ಕನ್ನಡಕ್ಕೆ ತಂದವರು ಆಲೂರ ವೆಂಕಟರಾಯರು. ಫಲವನ್ನು ತ್ಯಜಿಸುವುದೆಂದರೆ ಪರಿಣಾಮದ ವಿಷಯದಲ್ಲಿ ಉದಾಸೀನನಾಗುವುದಲ್ಲವೆಂದು ಗಾಂಧಿಯವರು 1930ರ ತಮ್ಮ ಅನಾಸಕ್ತಿಯೋಗದಲ್ಲಿ ಸ್ಪಷ್ಟಪಡಿಸಿದರು. ಡಿ. ವಿ. ಗುಂಡಪ್ಪನವರು 1966ರಲ್ಲಿ ಪ್ರಕಟವಾದ ತಮ್ಮ ಗೀತಾತಾತ್ಪರ್ಯಕ್ಕೆ ಜೀವನಧರ್ಮಯೋಗವೆಂಬ ಹೆಸರನ್ನು ಕೂಡಿಸಿದರು. ಗೀತೆಯು ಸಂಸಾರಿಯ ಗ್ರಂಥವೆಂಬ ನಿಲುವು ಆ ಹೆಸರಿನಲ್ಲಿಯೇ ವ್ಯಕ್ತವಾಗಿದೆ.

ಈ ವ್ಯಾಖ್ಯಾನಗಳೆಲ್ಲ ಕರ್ತೃವಿನ ಮನಸ್ಸು ಹೇಗಿರಬೇಕೆಂಬುದನ್ನು ಚೆನ್ನಾಗಿ ತಿಳಿಸುತ್ತವೆ. ಆದರೆ ಓದುಗನಲ್ಲಿ ಒಂದು ಪ್ರಶ್ನೆಯು ಉಳಿಯುವುದು: ಬಿಟ್ಟುಕೊಟ್ಟ ಫಲವು ಎಲ್ಲಿಗೆ ಹೋಗಬೇಕು? ಈಶ್ವರಾರ್ಪಣವೆಂಬ ಉತ್ತರವು ಶ್ರೇಷ್ಠವಾದುದೇ ಸರಿ. ಆದರೆ ರಾಗಿಯ ಮೂಟೆಯು ಆ ಬಳಿಕವೂ ಮನೆಯ ಮೂಲೆಯಲ್ಲಿಯೇ ಇರುವುದಾದರೆ ತ್ಯಾಗವಾದುದೇನು?

ಇದಕ್ಕೆ ನೇರವಾದ ಉತ್ತರವು ಕನ್ನಡದ ಶರಣರ ಕಾಯಕ ದಾಸೋಹಗಳಲ್ಲಿ ದೊರೆಯುತ್ತದೆ. ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಪ್ರಸಂಗವನ್ನು ವಾಚಕರು ಬಲ್ಲರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕವು. ಅನುಭವದ ಮಾತಿನಲ್ಲಿ ಮೈಮರೆತು ಕುಳಿತ ಗಂಡನಿಗೆ ಲಕ್ಕಮ್ಮನು ಕಾಯಕವು ನಿಂತುದನ್ನು ನೆನಪಿಸುತ್ತಾಳೆ. ಮತ್ತೆ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳುಹಿಸುತ್ತಾಳೆ. ಬಳಿಕ ಉಳಿದಷ್ಟರಲ್ಲಿಯೇ ಜಂಗಮರಿಗೆ ಉಣಬಡಿಸುತ್ತಾಳೆ. ಕರ್ಮವನ್ನು ಬಿಡಬಾರದು, ಫಲಕ್ಕೆ ಮಿತಿಯಿರಬೇಕು, ಇರುವುದನ್ನು ಹಂಚಬೇಕು ಎಂಬ ಮೂರು ವಿಷಯಗಳು ಈ ಕಿರುಕಥೆಯಲ್ಲಿ ಅಡಗಿವೆ. ಇಲ್ಲಿ ಫಲತ್ಯಾಗವು ಮನಸ್ಸಿನ ಸ್ಥಿತಿ ಮಾತ್ರವಲ್ಲ. ಅಳೆದು ನೋಡಬಹುದಾದ ಅಕ್ಕಿಯು.

ಗೀತೆಯೂ ವಚನವೂ ಒಂದನ್ನೇ ಹೇಳುತ್ತವೆಯೆಂದು ಸಾಧಿಸುವುದು ಸರಿಯಲ್ಲ. ಗೀತೆಯ ಸ್ವಧರ್ಮವು ವರ್ಣವ್ಯವಸ್ಥೆಯನ್ನು ಒಪ್ಪಿಕೊಂಡು ಹೊರಡುತ್ತದೆ. ಶರಣರ ಕಾಯಕವು ವೃತ್ತಿಗಳಲ್ಲಿ ಮೇಲುಕೀಳುಗಳನ್ನು ಒಪ್ಪುವುದಿಲ್ಲ. ಆದರೂ ಒಂದರ ಬೆಳಕಿನಲ್ಲಿ ಇನ್ನೊಂದನ್ನು ಓದಿದರೆ ಮುಖ್ಯವಾದೊಂದು ನಿಯಮವು ಗೋಚರವಾಗುತ್ತದೆ. ಲಕ್ಕಮ್ಮನು ಮಿತಿಯನ್ನು ಹಾಕಿದುದು ತನ್ನ ಮನೆಯ ಅಕ್ಕಿಗೆ, ನೆರೆಯವನ ಪಾಲಿಗಲ್ಲ. ಫಲತ್ಯಾಗವು ತಾನು ತನಗೆ ವಿಧಿಸಿಕೊಳ್ಳುವ ವ್ರತವು. ಪರರಿಗೆ ವಿಧಿಸುವ ಆಜ್ಞೆಯಲ್ಲ. ಕೂಲಿಯವನಿಗೆ ನಿಷ್ಕಾಮಕರ್ಮವನ್ನು ಬೋಧಿಸುವ ಒಡೆಯನು ತತ್ತ್ವವನ್ನು ತಲೆಕೆಳಗು ಮಾಡುತ್ತಾನೆ: ತನ್ನ ಫಲವನ್ನು ಬಿಡುವ ಬದಲು ಪರರ ಫಲವನ್ನು ಹಿಡಿಯುತ್ತಾನೆ.

ತತ್ತ್ವವನ್ನು ಪರೀಕ್ಷಿಸಲು ಗ್ರಂಥಕ್ಕಿಂತ ಬಾಳು ಉತ್ತಮವಾದ ಒರೆಗಲ್ಲು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ನೆಯ ಏಪ್ರಿಲ್ 1ರಂದು ಜನಿಸಿದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು 1930ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ, 1941ರಲ್ಲಿ ಮಠದ ಹೊಣೆಯನ್ನು ಹೊತ್ತರು. ಸಂನ್ಯಾಸವು ಅವರಿಗೆ ಕರ್ಮದಿಂದ ಬಿಡುಗಡೆಯಾಗದೆ ಕರ್ಮದ ಆರಂಭವಾಯಿತು. ಹಳ್ಳಿಹಳ್ಳಿಗೆ ಹೋಗಿ ದವಸವನ್ನು ಬೇಡಿ ತಂದು, ಜಾತಿಭೇದವಿಲ್ಲದೆ ಸಾವಿರಾರು ಮಂದಿ ಬಾಲಕರಿಗೆ ಅನ್ನ, ವಸತಿ, ವಿದ್ಯೆಗಳನ್ನು ಉಚಿತವಾಗಿ ಒದಗಿಸಿದರು. ಫಲದ ಕಡೆಗೆ ಅವರ ಕಣ್ಣಿರಲಿಲ್ಲವೆಂದು ಹೇಳುವುದು ಅಪಚಾರವಾದೀತು. ಮಕ್ಕಳ ಹಸಿವನ್ನು ಬಲ್ಲವನು ಪಾತ್ರೆಯಲ್ಲಿನ ಅನ್ನವನ್ನು ನೋಡದಿರಲಾರನು. ಅವರು ಬಿಟ್ಟುದು ಆ ಅನ್ನದ ಮೇಲಣ ತನ್ನದೆಂಬ ಭಾವವನ್ನು ಮಾತ್ರ. ಕರ್ನಾಟಕ ರತ್ನ (2007), ಪದ್ಮಭೂಷಣ (2015) ಪ್ರಶಸ್ತಿಗಳು ಬಂದವು, ದಿನಚರಿಯು ಬದಲಾಗಲಿಲ್ಲ.

2019ನೆಯ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಅವರ ಇಚ್ಛೆಯಂತೆ ಮಠದ ಮಕ್ಕಳ ಮಧ್ಯಾಹ್ನದ ಊಟವು ಮುಗಿದ ಬಳಿಕವೇ ಆ ವಾರ್ತೆಯನ್ನು ಪ್ರಕಟಿಸಲಾಯಿತೆಂದು ಪತ್ರಿಕೆಗಳು ವರದಿಮಾಡಿದವು. ತಾನು ಇಲ್ಲದ ಹೊತ್ತಿನಲ್ಲಿಯೂ ಕೆಲಸವು ಕೆಡಬಾರದು. ತನ್ನ ಸಲುವಾಗಿ ಒಂದು ತುತ್ತೂ ನಿಲ್ಲಬಾರದು. ಕರ್ತೃವು ಹಿಂದೆ ಸರಿದು ಕರ್ಮವು ಮುಂದೆ ನಿಂತ ನಿದರ್ಶನವಿದು.

ಹೀಗಿರಲು ಫಲತ್ಯಾಗವೆಂಬ ಶಬ್ದಕ್ಕೆ ಅರ್ಥವನ್ನು ಹುಡುಕುವವನು ಫಲವು ಬೇಡವೆಂಬ ವೈರಾಗ್ಯದ ಮಾತಿನಲ್ಲಿ ನಿಲ್ಲಲಾಗದು. ಫಲವು ಚೆನ್ನಾಗಿರಬೇಕು, ಅದಕ್ಕಾಗಿ ಮೈಮುರಿದು ದುಡಿಯಬೇಕು. ಬಂದ ಮೇಲೆ ಉಣ್ಣುವವರು ಯಾರೆಂಬುದನ್ನು ನೋಡಬೇಕು. ಈ ಅರ್ಥವನ್ನು ಬಿಟ್ಟು ಗೀತೆಯನ್ನು ಓದುವವನಿಗೆ ಶ್ಲೋಕವು ಕಂಠಪಾಠವಾದೀತು, ಯೋಗವು ಕೈಸೇರದು.