ಚಿತ್ರ ಹೇಳುವ ಫೋನನ್ನು ಎಷ್ಟು ನಂಬುವುದು?

ಕುರುಗೋಡಿನ ದೊಡ್ಡಬಸವೇಶ್ವರ ಗುಡಿಯ ನಂದಿ ಒಂದೇ ಕಲ್ಲಿನದು, ಎತ್ತರ ಸುಮಾರು 12 ಅಡಿ. ಅಲ್ಲಿಗೆ ಹೋದವರು ಮೂರ್ತಿಯ ಮುಂದೆ ನಿಂತು ಫೋಟೊ ತೆಗೆದು ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಆ ಗುಂಪಿನಲ್ಲಿ ಕಣ್ಣು ಕಾಣದ ಸೋದರಮಾವ ಇದ್ದರೆ ಅವರ ಫೋನು ಏನು ಹೇಳಬೇಕು? ‘ಕೂತ ಗೂಳಿಯ ದೊಡ್ಡ ವಿಗ್ರಹ, ಎದುರಿಗೆ ಕೆಲವರು’ ಎಂದರೆ ಸುಳ್ಳೇನಲ್ಲ. ಆದರೆ ಅವರಿಗೆ ಬೇಕಾದದ್ದು ಇದು ಯಾವ ಊರ ಬಸವಣ್ಣ, ಎದುರಿಗೆ ನಿಂತವರು ಯಾರು ಎಂಬುದು. ಚಿತ್ರ ವಿವರಿಸುವ ತಂತ್ರಜ್ಞಾನವನ್ನು ನಾನು ತೂಗುವುದು ಈ ತಕ್ಕಡಿಯಲ್ಲಿ.

ಅದು ಬಹುದೂರ ಬಂದಿದೆ, ನಿಜ. 2016ರಲ್ಲಿ ಫೇಸ್‌ಬುಕ್ ಇದನ್ನು ಶುರುಮಾಡಿದಾಗ ಮರ, ಕಾರು, ನಗುಮುಖ ಎಂದು ಸುಮಾರು ನೂರು ಸಂಗತಿಗಳನ್ನಷ್ಟೇ ಗುರುತಿಸುತ್ತಿತ್ತು. ಮರುವರ್ಷ ಮೈಕ್ರೋಸಾಫ್ಟ್‌ನ ಸೀಯಿಂಗ್ ಎಐ ಎಂಬ ಆ್ಯಪ್ ಬಂತು. 2023ರಲ್ಲಿ ಬಂದ ಬಿ ಮೈ ಎಐ ಎಂಬ ಸೌಲಭ್ಯದಲ್ಲಿ ಚಿತ್ರದ ಬಗ್ಗೆ ಮರುಪ್ರಶ್ನೆಯನ್ನೂ ಕೇಳಬಹುದು. ನನಗೆ ದೊಡ್ಡದಾಗಿ ಕಾಣುವುದು ಈ ಮರುಪ್ರಶ್ನೆಯೇ. ಅಂಗಿಯ ಬಣ್ಣ ಯಾವುದು, ಬಾಗಿಲಲ್ಲಿ ಬಿದ್ದಿರುವ ಕಾಗದ ಏನು ಎಂದು ಯಾರ ಹಂಗೂ ಇಲ್ಲದೆ ತಿಳಿಯುವುದು ಸಣ್ಣ ಸ್ವಾತಂತ್ರ್ಯವಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಫೇಸ್‌ಬುಕ್‌ನ ಆ ಮೊದಲ ವಿವರಣೆ ‘ಚಿತ್ರದಲ್ಲಿ ಇವು ಇರಬಹುದು’ ಎಂದೇ ಮಾತು ತೆಗೆಯುತ್ತಿತ್ತು. ಈಗಿನವು ನಿರರ್ಗಳವಾಗಿ ಕಥೆ ಹೇಳುತ್ತವೆ. ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ದನಿಯಲ್ಲಿ ಹೇಳುತ್ತವೆ. ಯಂತ್ರ ಕೊಟ್ಟ ವಿವರಣೆ ತಾಳೆಯಾಗದಿದ್ದರೂ ಅಂಧ ಬಳಕೆದಾರರು ಅದನ್ನು ನಂಬಿ, ಹೊಂದದ ಭಾಗಕ್ಕೆ ತಾವೇ ಕಾರಣ ಕಲ್ಪಿಸಿಕೊಳ್ಳುತ್ತಾರೆ ಎಂದು 2017ರ ಒಂದು ಸಂಶೋಧನೆ ತೋರಿಸಿತು. ಮಾತ್ರೆಯ ಪಟ್ಟಿಯ ಮೇಲಿನ ತಾರೀಖಿನಲ್ಲಿ ಒಂದು ಅಂಕಿ ತಪ್ಪಾದರೆ ಅದನ್ನು ಹಿಡಿಯಲು ಅವರ ಬಳಿ ಎರಡನೇ ದಾರಿ ಇಲ್ಲ. ‘ಸರಿಯಾಗಿ ಕಾಣುತ್ತಿಲ್ಲ, ಇನ್ನೊಮ್ಮೆ ತೆಗೆಯಿರಿ’ ಎನ್ನುವ ಫೋನು ನನಗೆ ಹೆಚ್ಚು ಉಪಕಾರಿ.

ಕನ್ನಡದ ಅಚ್ಚಕ್ಷರವನ್ನು ಈ ತಂತ್ರಾಂಶಗಳು ಈಗ ತಕ್ಕಮಟ್ಟಿಗೆ ಓದುತ್ತವೆ. ಕೈಬರಹದ ಚೀಟಿ ಬಂದರೆ ತಡವರಿಸುತ್ತವೆ. ನಮ್ಮಲ್ಲಿ ಮದುವೆಯ ಕರೆಯೋಲೆ, ನೀರು ಬಿಡುವ ಸೂಚನೆ, ಸಾವಿನ ಸುದ್ದಿ ಎಲ್ಲವೂ ಫೋಟೊ ಆಗಿಯೇ ಓಡಾಡುತ್ತವೆ. ಮಾಹಿತಿ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳಿದೆ. ಯಂತ್ರ ಬಂತಲ್ಲ ಎಂದು ನಾವು ಆ ಹೊಣೆಯಿಂದ ಜಾರಿಕೊಳ್ಳಬಾರದು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಗೆಳೆಯರೇ, ಮುಂದಿನ ಸಲ ಗುಂಪಿಗೆ ಫೋಟೊ ಹಾಕುವಾಗ ಅದರಲ್ಲಿ ಯಾರಿದ್ದಾರೆ, ಏನು ಬರೆದಿದೆ ಎಂದು ಕೆಳಗೆ ಎರಡು ಸಾಲು ಕನ್ನಡದಲ್ಲಿ ಟೈಪ್ ಮಾಡಿ.