ಭಾಗಶಃ ಸರಿ

ಅಮೆರಿಕದ ಕಾದಂಬರಿಕಾರ ಅಪ್ಟನ್ ಸಿಂಕ್ಲೇರ್ 1930ರಲ್ಲಿ ಪ್ರಕಟಿಸಿದ ‘ಮೆಂಟಲ್ ರೇಡಿಯೋ’ ಹೆಸರಿಗೆ ಆತನ ಪುಸ್ತಕ. ಅದರೊಳಗೆ ದುಡಿದವಳು ಹೆಂಡತಿ ಮೇರಿ ಕ್ರೇಗ್. ಬೇರೆಯವರು ಬರೆದು ಮುಚ್ಚಿಟ್ಟ ಚಿತ್ರವನ್ನು ಮನಸ್ಸಿನಲ್ಲೇ ಕಂಡು ಬಿಡಿಸುವುದು ಆಕೆಯ ಪ್ರಯೋಗ. ಅದರ ಅಭ್ಯಾಸವನ್ನು ಆಕೆಯೇ ವಿವರಿಸುತ್ತಾಳೆ. ಮೈ ಸಡಿಲ ಬಿಟ್ಟು ಮಲಗಬೇಕು (ನಮ್ಮಲ್ಲಿ ಯಾರಿಗುಂಟು ಆ ಪುರುಸೊತ್ತು, ಇರಲಿ), ಒಂದೇ ವಸ್ತುವಿನ ಮೇಲೆ ಮನಸ್ಸು ನಿಲ್ಲಿಸಬೇಕು, ಆಮೇಲೆ ಅದನ್ನೂ ಬಿಟ್ಟು ಚಿತ್ರ ತಾನಾಗಿ ಮೂಡುವವರೆಗೆ ಕಾಯಬೇಕು. ಈ ಪುಟಗಳೇ ಪುಸ್ತಕದ ಜೀವ.

ನಾನು ಎಡವಿದ್ದು ಲೆಕ್ಕದಲ್ಲಿ. 290 ಚಿತ್ರಗಳಲ್ಲಿ 65 ಸರಿ, 70 ತಪ್ಪು, ಉಳಿದ 155 ‘ಭಾಗಶಃ ಸರಿ’ ಎನ್ನುತ್ತಾನೆ ಸಿಂಕ್ಲೇರ್. ಅರ್ಧಕ್ಕಿಂತ ಹೆಚ್ಚು! ಭಾಗಶಃ ಎಂದರೆ ಎಷ್ಟು? ಅದನ್ನು ತೂಗಿದ್ದು ಗಂಡನ ಅಕ್ಕರೆ. ಜರ್ಮನ್ ಆವೃತ್ತಿಗೆ ಮುನ್ನುಡಿ ಬರೆದ ಐನ್‌ಸ್ಟೈನ್ ಲೇಖಕನ ಪ್ರಾಮಾಣಿಕತೆಯನ್ನು ಸಂಶಯಿಸಲಿಲ್ಲ. ನಾನೂ ಸಂಶಯಿಸುವುದಿಲ್ಲ. ಆದರೆ ಕಲ್ಪನೆಯ ಕಸರತ್ತು ಹೆಚ್ಚು ನಡೆದದ್ದು ಚಿತ್ರ ಕಂಡವಳಲ್ಲಲ್ಲ, ಅಂಕ ಕೊಟ್ಟವನಲ್ಲಿ.

ಹಾಗೆಂದು ಆತನನ್ನು ಹಳಿಯಲಾರೆ. ತಂಗಿಯೂ ನಾನೂ ಒಂದು ಮಧ್ಯಾಹ್ನ ಇದೇ ಆಟ ಆಡಿದೆವು. ಅವಳು ಕೋಣೆಯೊಳಗೆ ಕೂತು ನಿಂಬೆಹಣ್ಣು ಬರೆದಿದ್ದಳು, ನಾನು ಹೊರಗೆ ಚಂದ್ರನನ್ನು ಬರೆದೆ. “ಎರಡೂ ದುಂಡಗೇ ಇವೆಯಲ್ಲ ಅಕ್ಕಾ!” ಎಂದು ಅವಳು ಕುಣಿದಳು. ನಾನೂ ಸಂತೋಷದಿಂದಲೇ ಸರಿ ಗುರುತು ಹಾಕಿದೆ.

‘ಊರಿಂದ ಫೋನು ಬರುವ ಮೊದಲೇ ನನಗೆ ಗೊತ್ತಾಗಿಬಿಡುತ್ತದೆ’ ಎಂದು ಹೇಳಿಕೊಂಡು ತಿರುಗಿದವಳು ನಾನು. ಅಪ್ಪ ತೀರಿಕೊಂಡ ರಾತ್ರಿ ಬೆಳಗಿನವರೆಗೂ ಗಾಢ ನಿದ್ದೆ ಮಾಡಿದ್ದೆ. ಅದನ್ನು ಲೆಕ್ಕಕ್ಕೆ ಸೇರಿಸಿದ್ದು ಈ ಪುಸ್ತಕ ಓದಿದ ಮೇಲೆಯೇ.