ಮಸಾಚುಸೆಟ್ಸ್‌ನ ಮರದ ಮನೆಗಳು ಮತ್ತು ಜೀರ್ಣೋದ್ಧಾರದ ಹಟ

ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಡೆಡಮ್ ಊರಿನಲ್ಲಿರುವ ಫೇರ್‌ಬ್ಯಾಂಕ್ಸ್ ಮನೆ ಮೊದಲ ನೋಟಕ್ಕೆ ಒಂದೇ ಮನೆ ಅನಿಸುವುದಿಲ್ಲ. ನಡುವೆ ಕಡಿದಾದ ಮಾಡಿನ ಹಳೆಯ ಭಾಗವಿದೆ. ಅದರ ಎರಡೂ ಪಕ್ಕಕ್ಕೆ ಸುಮಾರು ಒಂದೂವರೆ ಶತಮಾನ ಕಳೆದ ಮೇಲೆ ಸೇರಿಸಿದ, ಮಾಡಿನ ಆಕಾರವೇ ಬೇರೆಯಾದ ಭಾಗಗಳಿವೆ. ಮರದೊಳಗಿನ ಉಂಗುರಗಳನ್ನು ಓದಿದ ತಜ್ಞರು ಮೂಲ ತೊಲೆಗಳ ಮರಗಳನ್ನು 1637ರಿಂದ 1641ರ ನಡುವೆ ಕಡಿದದ್ದೆಂದು ಗೊತ್ತುಮಾಡಿದ್ದಾರೆ. ಉತ್ತರ ಅಮೆರಿಕದಲ್ಲಿ ಉಳಿದಿರುವ ಮರದ ಚೌಕಟ್ಟಿನ ಮನೆಗಳಲ್ಲಿ ಇದೇ ಅತಿ ಹಳೆಯದು ಎನ್ನುತ್ತಾರೆ.

ಇಂಗ್ಲೆಂಡಿನಿಂದ ಬಂದ ಬಡಗಿಗಳ ಕಸುಬು ಇಂಥ ಮನೆಗಳ ಚೌಕಟ್ಟಿನಲ್ಲಿ ನಿಚ್ಚಳವಾಗಿ ಕಾಣುತ್ತದೆ. ಓಕ್ ಮರದ ಕಂಬಕ್ಕೆ ತೂತು ಕೊರೆದು, ತೊಲೆಯ ತುದಿಯನ್ನು ನಾಲಗೆಯಂತೆ ಕೆತ್ತಿ ಅದರೊಳಗೆ ಕೂರಿಸಿ, ಅಡ್ಡಲಾಗಿ ಮರದ ಗೂಟ ಬಡಿಯುತ್ತಿದ್ದರು. ಚೌಕಟ್ಟಿನ ಕೀಲುಗಳಿಗೆ ಕಬ್ಬಿಣದ ಮೊಳೆ ಬೇಕಿರಲಿಲ್ಲ. ಯಾವ ತುಂಡು ಯಾವುದಕ್ಕೆ ಸೇರಬೇಕೆಂದು ಉಳಿಯಿಂದ ರೋಮನ್ ಅಂಕಿ ಗೀರುತ್ತಿದ್ದರು. ಕೆಲವು ಮನೆಗಳಲ್ಲಿ ಆ ಗೀರುಗಳು ಇಂದಿಗೂ ಕಾಣುತ್ತವೆ. ಮನೆಯ ನಡುಮಧ್ಯೆ ದೈತ್ಯ ಹೊಗೆಗೂಡು, ಅದರ ಎರಡು ಬದಿಗೆ ಎರಡು ಕೋಣೆ. ಚಳಿಯ ನಾಡಿನಲ್ಲಿ ಬೆಂಕಿಯ ಸುತ್ತಲೇ ಮನೆ ಕಟ್ಟಿಕೊಂಡದ್ದು ಸಹಜ. ಇಂಗ್ಲೆಂಡಿನಲ್ಲಿ ಕಂಬಗಳ ನಡುವೆ ತಡಿಕೆ ಹೆಣೆದು ಮಣ್ಣು ಮೆತ್ತಿ ಹಾಗೇ ಬಿಡುವುದು ವಾಡಿಕೆಯಾಗಿತ್ತು. ಇಲ್ಲಿನ ಗಾಳಿ, ಹಿಮಕ್ಕೆ ಅದು ತಡೆಯದು ಎಂದಾಗ ಹೊರಗೆ ಪೂರ್ತಿ ಹಲಗೆ ಹೊದಿಸಿದರು. ಮರಕ್ಕಂತೂ ಕೊರತೆಯಿರಲಿಲ್ಲ. ಈ ಪರಂಪರೆಯ ಜಾಣ್ಮೆ ನನಗೆ ಕಾಣುವುದು ಇಲ್ಲೇ: ತಂದ ವಿದ್ಯೆಯನ್ನು ಬಿಡಲಿಲ್ಲ, ಹೊಸ ನೆಲದ ಮಾತನ್ನೂ ಕೇಳಿದರು.

ಮಕ್ಕಳು ಹೆಚ್ಚಿದಂತೆ ಹಿಂದೆ ಸೂರು ಇಳಿಸಿ ಅಡುಗೆಮನೆ ಮಾಡಿದರು, ಪಕ್ಕಕ್ಕೆ ಕೋಣೆ ಸೇರಿಸಿದರು. ಬೆಳೆಯುತ್ತ ಹೋಗುವುದು ಈ ಮನೆಗಳ ಸ್ವಭಾವ. ಫೇರ್‌ಬ್ಯಾಂಕ್ಸ್ ಮನೆಯಲ್ಲಿ ಒಂದೇ ವಂಶದವರು ಇಪ್ಪತ್ತನೇ ಶತಮಾನದ ಆರಂಭದವರೆಗೂ ಬಾಳಿದರು. ಆಮೇಲೆ ಅದೇ ವಂಶದವರ ಸಂಘ ಮನೆಯನ್ನು ವಹಿಸಿಕೊಂಡು, ಸೇರ್ಪಡೆಗಳನ್ನೆಲ್ಲ ಹಾಗೇ ಉಳಿಸಿತು.

ಬಾಸ್ಟನ್ನಿನ ಪಾಲ್ ರಿವಿಯರ್ ಮನೆಗೆ ಆ ಭಾಗ್ಯ ಸಿಗಲಿಲ್ಲ. ಸುಮಾರು 1680ರಲ್ಲಿ ಕಟ್ಟಿದ ಅದನ್ನು ಅಮೆರಿಕದ ಕ್ರಾಂತಿಯ ವೀರ ರಿವಿಯರ್ 1770ರಲ್ಲಿ ಕೊಂಡಾಗ ಅದಕ್ಕೆ ಮೂರು ಮಹಡಿಗಳಿದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಮನೆ ಬಾಡಿಗೆಯವರ ಪಾಲಾಯಿತು. ಕೆಳಗೆ ಸಿಹಿತಿಂಡಿ ಅಂಗಡಿ, ಸಿಗಾರ್ ಕಾರ್ಖಾನೆ, ಇಟಲಿಯವರ ಬ್ಯಾಂಕು, ತರಕಾರಿ ವ್ಯಾಪಾರ ನಡೆದವು. ಕೆಡವಲಿದ್ದ ಮನೆಯನ್ನು ರಿವಿಯರನ ಮರಿಮಗ 1902ರಲ್ಲಿ ಕೊಂಡು ಉಳಿಸಿದ. ಅದು ದೊಡ್ಡ ಉಪಕಾರವೇ. ಆದರೆ ಜೀರ್ಣೋದ್ಧಾರಕ್ಕೆ ಬಂದ ವಾಸ್ತುಶಿಲ್ಪಿ ಜೋಸೆಫ್ ಚಾಂಡ್ಲರ್ ಮನೆಯನ್ನು ಹದಿನೇಳನೇ ಶತಮಾನಕ್ಕೆ ಒಯ್ಯುವ ಹಟದಲ್ಲಿ ಮೂರನೇ ಮಹಡಿಯನ್ನೇ ತೆಗೆಸಿದ. 1908ರಲ್ಲಿ ರಿವಿಯರನ ಹೆಸರಲ್ಲಿ ಬಾಗಿಲು ತೆರೆದ ಮನೆ, ರಿವಿಯರ್ ಬಾಳಿದ ರೂಪದಲ್ಲಿರಲಿಲ್ಲ. ವಲಸಿಗರ ಅಂಗಡಿಗಳ ಗುರುತೂ ಅಳಿಯಿತು.

ಅದೇ ಚಾಂಡ್ಲರ್ ಸೇಲಮ್‌ನ 1668ರ ಟರ್ನರ್ ಮನೆಗೆ ಕೈಹಾಕಿದಾಗ ಇನ್ನೂ ಮುಂದೆ ಹೋದ. ಹಾಥಾರ್ನ್‌ನ 1851ರ ಕಾದಂಬರಿಯ ಏಳು ತ್ರಿಕೋನ ಮಾಡುಗಳ ಮನೆ ಇದೇ ಎಂದು ತೋರಿಸಲು ಕಳೆದುಹೋದ ಮಾಡುಗಳು ಮತ್ತೆ ಎದ್ದವು, ಕಾದಂಬರಿಯೊಳಗಿನ ಪುಟ್ಟ ಅಂಗಡಿಯೂ ಮನೆಯೊಳಗೆ ಬಂತು. ಇತಿಹಾಸಕ್ಕೆ ಇದು ಅನ್ಯಾಯ. ಆದರೂ ಮನೆಯ ಒಡತಿ ಕ್ಯಾರೊಲಿನ್ ಎಮ್ಮರ್ಟನ್ ಪ್ರವಾಸಿಗರ ಹಣವನ್ನು ಊರಿನ ವಲಸಿಗ ಕುಟುಂಬಗಳ ಕಲಿಕೆಗೆ, ನೆರವಿಗೆ ಬಳಸಿದರು. ಅವರನ್ನು ಕಟುವಾಗಿ ಟೀಕಿಸಲು ನನಗೆ ಮನಸ್ಸು ಬಾರದು.

ಈ ಮನೆಗಳನ್ನು ತಾಳ್ಮೆಯಿಂದ ಓದುವ ದಾರಿಯನ್ನು ನಾನು ಕಂಡದ್ದು ಅಬಟ್ ಲೊವೆಲ್ ಕಮಿಂಗ್ಸ್ 1979ರಲ್ಲಿ ಪ್ರಕಟಿಸಿದ, ಮಸಾಚುಸೆಟ್ಸ್ ಕೊಲ್ಲಿಯ ಚೌಕಟ್ಟಿನ ಮನೆಗಳ ಅಧ್ಯಯನದಲ್ಲಿ. ತೊಲೆ, ಕೀಲು, ಸೇರ್ಪಡೆಯ ಗೆರೆಗಳೇ ಅವರಿಗೆ ದಾಖಲೆ. ರಿವಿಯರ್ ಮನೆಯ ಮೂರನೇ ಮಹಡಿಯನ್ನು ಹಾಗೆ ಓದುವ ಅವಕಾಶ ಅವರಿಗೂ ಉಳಿದಿರಲಿಲ್ಲ.